ಸೇತುವೆಯ ಕೆಳಗಿನ ನೀರು

ಬಿಳಿಕೆರೆ

ಇಂಗ್ಲೆಂಡಿಗೆ ಹೋಗಿ ಬಂದವರು ಅರಮನೆಯ ಬಗ್ಗೆ ಬರೆಯುತ್ತಾರೆ, ದೊಡ್ಡ ಗಡಿಯಾರದ ಬಗ್ಗೆ ಬರೆಯುತ್ತಾರೆ. ನಾನು ಎರಡನ್ನೂ ನೋಡಲಿಲ್ಲ. ನಾನು ನೋಡಿದ್ದು ಒಂದು ನಾಲೆ, ಆಮೇಲೆ ಆ ನಾಲೆಯ ತಳದ ಕೆಸರು. ಹುಣಸೂರಿನ ನಮ್ಮ ಬೀದಿಯವರಿಗೆ ಇದನ್ನು ಹೇಳಿದರೆ ನಗುತ್ತಾರೆ. "ನಾಲೆ ನೋಡಕ್ಕೆ ಅಷ್ಟು ದೂರ ಯಾಕ್ ಹೋದ್ರಿ ಮಿಸ್ಸು, ಕೆ.ಆರ್. ನಗರದ ಬಸ್ ಹತ್ತಿದ್ರೆ ಆಗ್ತಿತ್ತಲ್ಲ" ಅನ್ನುತ್ತಾರೆ. ವಾದ ಮಾಡುವಷ್ಟು ಚೈತನ್ಯ ನನ್ನಲ್ಲೀಗ ಉಳಿದಿಲ್ಲ. ಹೌದು ಅನ್ನುತ್ತೇನೆ.

ಕೆಲಸದಲ್ಲಿದ್ದಷ್ಟು ಕಾಲವೂ ನಾನು ಬೆಟ್ಟದಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವಳು. ಪಾಠದ ಕೊನೆಯಲ್ಲಿ ನುಡಿಗಟ್ಟುಗಳು ಬರುತ್ತಿದ್ದವು, ಅವುಗಳಲ್ಲಿ ಅರ್ಧಕ್ಕರ್ಧ ನೀರಿನವು. ನಾಲ್ಕು ಜನ ಹೋದ ಕಡೆ ಹೋಗುವುದು 'ಗೋ ವಿತ್ ದ ಫ್ಲೋ', ಹರಿವಿನ ಜೊತೆ ಹೋಗುವುದು. ಒಂದು ಕೆಲಸಕ್ಕೆ ಇಳಿಯುವ ಮೊದಲು ಸಾಧ್ಯವೇ ಎಂದು ನೋಡುವುದು 'ಟೆಸ್ಟ್ ದ ವಾಟರ್ಸ್'. ಹುಟ್ಟು ಕಳೆದುಕೊಂಡು ತೊರೆಯ ನಡುವೆ ಸಿಕ್ಕಿಕೊಂಡವನು 'ಅಪ್ ದ ಕ್ರೀಕ್', ಅಂದರೆ ಫಜೀತಿಗೆ ಬಿದ್ದವನು. ಹಳೆಯ ಜಗಳ ಮುಗಿಯಿತು, ಇನ್ನು ಅದರ ಮಾತು ಬೇಡ ಅನ್ನಬೇಕಾದರೆ 'ವಾಟರ್ ಅಂಡರ್ ದ ಬ್ರಿಡ್ಜ್', ಸೇತುವೆಯ ಕೆಳಗೆ ಹರಿದುಹೋದ ನೀರು. ನೀರಿಗೆ ಕಾಲಿಡದೆ ಇಂಗ್ಲಿಷಿನವರು ಒಂದು ಮಾತನ್ನೂ ಮುಗಿಸುವುದಿಲ್ಲವೇನೋ ಅನ್ನಿಸುತ್ತಿತ್ತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಪಕ್ಕದಲ್ಲಿ ಬೆಳೆದ ನನ್ನ ಶಾಲೆಯ ಮಕ್ಕಳಿಗೆ ಹರಿಯುವ ತೊರೆ ಎಂದರೆ ಬೋರ್‌ವೆಲ್ಲಿನ ಪೈಪು ಒಡೆದಾಗ ಕಂಡದ್ದಷ್ಟೇ. ನಾನಾದರೂ ಆ ತೊರೆಗಳನ್ನು ಎಲ್ಲಿ ನೋಡಿದ್ದೆ. ಮುಖ ಕಾಣದ ನೆಂಟರ ಗುಣಗಾನ ಮಾಡಿದ ಹಾಗೆ ಹೇಳಿಕೊಂಡು ಬಂದೆ. ನಿವೃತ್ತಿಯಾದ ಮೇಲೆ ಒಂದು ಸಲ ಆ ನೀರನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ಮಾತ್ರ ಇತ್ತು.

ಬಿಳಿಕೆರೆಯಲ್ಲಿ ಕೆ.ಆರ್. ನಗರದ ರಸ್ತೆ ಬಂದು ಹೆದ್ದಾರಿಗೆ ಸೇರುತ್ತದೆ. ಅಲ್ಲಿ ಟೀ ಅಂಗಡಿಯೊಂದರ ಮುಂದೆ ಸೂಟ್‌ಕೇಸಿನ ಮೇಲೆ ಕುಳಿತು ಅಣ್ಣಯ್ಯನಿಗೆ ಕಾದೆ. ಅಣ್ಣಯ್ಯ ಎಂದರೆ ನನ್ನ ಒಡಹುಟ್ಟಿದ ಅಣ್ಣ ಚೆಲುವೇಗೌಡ. ಮಿರ್ಲೆಯಲ್ಲಿ ಬೇಸಾಯ. ನಾಲೆಯ ನೀರು ಎಲ್ಲರ ಗದ್ದೆ ದಾಟಿ, ಉಳಿದರೆ ಕೊನೆಗೆ ಅವನ ಗದ್ದೆಗೆ ಬರುತ್ತದೆ. ಕಾರಿನಿಂದ ಇಳಿದವನ ಹೆಗಲ ಮೇಲೆ ರಾಗಿಹಿಟ್ಟಿನ ಚೀಲವಿತ್ತು.

"ಅಲ್ಲೂ ಸಿಕ್ತದೆ ಅಣ್ಣಯ್ಯ, ಇದನ್ಯಾಕ್ ಒತ್ಕೊಂಡ್ ಬಂದೆ?" ಎಂದೆ.

"ನಿನ್ ತಂಗಿ ಮನೇಲಿ ಏನ್ ಸಿಕ್ತದೋ ಏನ್ ಬುಡ್ತದೋ, ನಂಗೇನ್ ಗೊತ್ತು" ಅಂದ.

ನನ್ನ ತಂಗಿ ಎಂದರೆ ಅವನಿಗೂ ತಂಗಿಯೇ. ಹೆಸರು ರತ್ನ. ಇಂಗ್ಲೆಂಡಿನಲ್ಲಿ ನರ್ಸು, ಅಲ್ಲಿಯವನೇ ಆದ ಕೀತ್ ಎಂಬವನನ್ನು ಮದುವೆಯಾಗಿ ಅಲ್ಲೇ ನೆಲೆ ನಿಂತವಳು. ಮದುವೆಗೆ ಅಣ್ಣಯ್ಯ ಗೊಣಗಿದ್ದನೇ ಹೊರತು ಮಾತು ಬಿಟ್ಟಿರಲಿಲ್ಲ. ಮಾತು ಬಿಟ್ಟದ್ದು ಅವ್ವ ಸತ್ತಾಗ. ಸುದ್ದಿ ಕೇಳಿ ರತ್ನ ಸಿಕ್ಕ ವಿಮಾನ ಹತ್ತಿದ್ದಳು. ದಾರಿಯಲ್ಲಿ ಅದು ತಡವಾಯಿತು. ಊರಿನ ಹಿರಿಯರು ಹೊತ್ತು ಮುಳುಗುವುದರೊಳಗೆ ಆಗಿಬಿಡಲಿ ಎಂದು ಒತ್ತಾಯ ಮಾಡಿದರು. ಅಣ್ಣಯ್ಯ ರಸ್ತೆಯ ಕಡೆ ನೋಡಿ ನೋಡಿ ಕೊನೆಗೆ ಹೂಂ ಅಂದ. ಅವ್ವನನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ರತ್ನ ಬಂದು ಇಳಿದಳು. ಅಂಗಳದ ತುಂಬ ನೆಂಟರು ಕುಳಿತಿದ್ದಾಗ, "ಒಂದ್ ರಾತ್ರಿ ಕಾಯಕ್ಕಾಗ್ಲಿಲ್ವ ನಿಂಗೆ?" ಎಂದು ಕೇಳಿದಳು. ಅಣ್ಣಯ್ಯ ಎದ್ದು ಗದ್ದೆಯ ಕಡೆ ಹೋದ. ಅವಳು ತಿರುಗಿ ಹೋಗುವ ತನಕ ಮನೆಗೆ ಊಟಕ್ಕೂ ಬರಲಿಲ್ಲ. ಆಮೇಲೆ ವರ್ಷಗಳು ಹೋದವು, ಇಬ್ಬರೂ ಒಂದು ಮಾತು ಆಡಲಿಲ್ಲ. ನಾನು ಮಧ್ಯದವಳು. ಇಬ್ಬರ ಫೋನೂ ನನಗೇ ಬರುತ್ತಿತ್ತು.

ಈ ಪ್ರಯಾಣಕ್ಕೆ ಅವನನ್ನು ಹೊರಡಿಸಿದ್ದು ನಾನಲ್ಲ, ಕೀತ್. ರತ್ನಳಿಗೆ ತಿಳಿಯದಂತೆ ಅವನು ಫೋನ್ ಮಾಡಿ, ಬಾಯಿಪಾಠ ಮಾಡಿದ್ದ ಕನ್ನಡದಲ್ಲಿ, "ಬನ್ನಿ, ಊಟ ಮಾಡಿ" ಅಂದನಂತೆ. ಮನೆಯ ಅಳಿಯ ಬಾಯಿಬಿಟ್ಟು ಕರೆದರೆ ಹೋಗದಿರುವುದು ನಮ್ಮ ಕಡೆ ಇಲ್ಲ. ಅಣ್ಣಯ್ಯನಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಕಾಲಿಗೆ ಇಳಿದಿದೆ. ಅವನು ಇನ್ನೊಂದು ಸಲ ವಿಮಾನ ಹತ್ತುವವನಲ್ಲ, ಅವಳು ಮಿರ್ಲೆಗೆ ಬರುವವಳಲ್ಲ. ಈ ಸಲ ಒಂದು ಮಾತು ಆಗದಿದ್ದರೆ ಇನ್ನು ಯಾವತ್ತೂ ಆಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಅಲ್ಲಿಗೋಗಿ ಅವಳ ತಾವ ನಾಲ್ಕ್ ಮಾತಾಡು ಅಣ್ಣಯ್ಯ" ಎಂದೆ.

"ಅದಕ್ಕೆಲ್ಲ ಯಾವತ್ತೋ ಎಳ್ಳುನೀರು ಬುಟ್ಟಾಯ್ತು ಕಣ" ಎಂದು ಟೀ ಲೋಟ ಕೆಳಗಿಟ್ಟ.

ವಿಮಾನ

ವಿಮಾನದಲ್ಲಿ ಅಣ್ಣಯ್ಯನ ಪಕ್ಕ ಕೇರಳದ ಒಬ್ಬ ಹೆಂಗಸು ಕುಳಿತಿದ್ದರು. ಶುಂಠಿ ಬೆಳೆಯಲು ಎಚ್.ಡಿ. ಕೋಟೆಯ ಕಡೆಗೆ ಬರುವ ಮಲಯಾಳಿಗಳಿಂದ ಕಲಿತ ನಾಲ್ಕು ಮಾತು ಇವನಿಗೆ ಬರುತ್ತಿತ್ತು. ಆ ನಾಲ್ಕು ಮಾತಿನಲ್ಲೇ ಅವರ ಊರು, ಮಕ್ಕಳು, ಮೊಣಕಾಲು ನೋವು ಎಲ್ಲ ಕೇಳಿ ತಿಳಿದುಕೊಂಡ. ಊಟ ತಂದ ಹುಡುಗಿಯನ್ನು ಕನ್ನಡದಲ್ಲೇ ಮಾತಾಡಿಸಿದ, ಅವಳೂ ಏನೋ ಹೇಳಿ ನಕ್ಕಳು. ಲೋಕದವರ ಹತ್ತಿರವೆಲ್ಲ ಮಾತಾಡಬಲ್ಲ ಈ ಮನುಷ್ಯ ಒಬ್ಬಳ ಹತ್ತಿರ ಮಾತ್ರ ಆಡಲಾರ ಎಂದು ಯೋಚಿಸಿಯೇ ನನಗೆ ಆಯಾಸವಾಯಿತು. ನಿದ್ದೆ ಬರಲಿಲ್ಲ, ಕಾಲು ಊದಿಕೊಂಡವು.

ರತ್ನ ವಿಮಾನ ನಿಲ್ದಾಣದ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಬಗ್ಗಿ ಅಣ್ಣಯ್ಯನ ಕಾಲು ಮುಟ್ಟಿದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಆಗಬೇಕಾದ ಶಾಸ್ತ್ರವೆಲ್ಲ ಲೋಪವಿಲ್ಲದೆ ಆಯಿತು, ಮಾತು ಮಾತ್ರ ಆಗಲಿಲ್ಲ.

ಕಾರಿನಲ್ಲಿ ಶುರುವಾಯಿತು ನನ್ನ ಉದ್ಯೋಗ. "ನಿಮ್ಮಣ್ಣಂಗೆ ಚಳಿ ಆಯ್ತದಾ ಕೇಳಕ್ಕ" ಎಂದಳು ಮುಂದಿನ ಸೀಟಿನಿಂದ ರತ್ನ. "ಇಲ್ವಂತೆ ಅಂತೇಳು ನಿನ್ ತಂಗಿಗೆ" ಎಂದ ಹಿಂದಿನ ಸೀಟಿನಿಂದ ಅಣ್ಣಯ್ಯ. ಇಬ್ಬರ ನಡುವೆ ಒಂದು ಮೊಳ ಜಾಗವಿರಲಿಲ್ಲ. ಇಬ್ಬರ ಮಾತೂ ಮಿರ್ಲೆಯದೇ. ಆದರೂ ನಾನು ಹೇಳಿದ ಮೇಲೆಯೇ ಅದು ಕೇಳಿಸಿದಂತೆ ಇಬ್ಬರೂ ನಟಿಸುತ್ತಿದ್ದರು. ಜೀವಮಾನವೆಲ್ಲ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿದ್ದೇನೆ. ಕನ್ನಡವನ್ನು ಕನ್ನಡಕ್ಕೆ ತಿರುಗಿಸುವಷ್ಟು ದಣಿವು ಯಾವುದರಲ್ಲೂ ಇಲ್ಲ.

ಕೀತ್‌ನ ಮನೆ

ಕೀತ್ ಬಸ್ಸು ಓಡಿಸಿ ನಿವೃತ್ತನಾದವನು. ಎತ್ತರದ ಆಳು, ಬಾಗಿಲಿಗೆಲ್ಲ ತಲೆ ಬಗ್ಗಿಸಿ ಬಗ್ಗಿಸಿ ಬೆನ್ನೇ ಬಾಗಿದೆ. ಅಣ್ಣಯ್ಯ ಅವನನ್ನು ಕೀತಪ್ಪ ಎಂದು ಕರೆದ, ಅವನು ಅದಕ್ಕೆ ಓಗೊಟ್ಟ. ಆ ಊರಿನ ಜನ ಒಂದು ವಿಚಿತ್ರ. ನಾವು ಅವರ ಕಾಲು ತುಳಿದರೆ ಅವರೇ ಕ್ಷಮೆ ಕೇಳುತ್ತಾರೆ. ಗುರುತಿಲ್ಲದವರ ಹತ್ತಿರ ಬಿಸಿಲು ಮೋಡದ ಬಗ್ಗೆ ಎಷ್ಟು ಹೊತ್ತಾದರೂ ಮಾತಾಡುತ್ತಾರೆ, ಯಾವ ಊರು, ಯಾರ ಪೈಕಿ ಎಂದು ಮಾತ್ರ ಕೇಳುವುದಿಲ್ಲ. "ಯಾರ್ ಮಗ ಅಂತ ಗೊತ್ತಿಲ್ದೆ ಅದೆಂಗ್ ಮಾತಾಡ್ತರೋ" ಎಂದು ಅಣ್ಣಯ್ಯ ಬೆರಗಾದ.

ನನ್ನ ನುಡಿಗಟ್ಟುಗಳ ಕಥೆ ಕೀತ್‌ಗೆ ಹೇಳಿದೆ. ಅವನಿಗೆ ಅದು ಹೊಸ ಸುದ್ದಿ. ಊಟದ ನಡುವೆ ಅವನ ಬಾಯಿಂದಲೇ ಅಂಥವು ಧಾರಾಳವಾಗಿ ಬರುತ್ತಿದ್ದವು. ಸಂಸಾರ ಹೇಗೋ ನಡೆಯುತ್ತಿದೆ ಅನ್ನಲು ತಲೆ ನೀರಿನ ಮೇಲೆ ಇಟ್ಟುಕೊಂಡಿದ್ದೇವೆ ಅಂದ. ನಂಬಿಸಿ ಕೈಬಿಟ್ಟ ಹಳೆಯ ಮೇಲಧಿಕಾರಿಯೊಬ್ಬ ತಮ್ಮನ್ನೆಲ್ಲ ಹೊಳೆಯ ಕೆಳಕ್ಕೆ ಮಾರಿಬಿಟ್ಟ ಅಂದ. ಅದು ಗುಲಾಮರನ್ನು ದೋಣಿಯಲ್ಲಿ ಹೊಳೆಗುಂಟ ಸಾಗಿಸಿ ಮಾರುತ್ತಿದ್ದ ಕಾಲದ ಮಾತು ಎಂದು ನಾನು ಹೇಳಿದಾಗ ಚಮಚ ಕೆಳಗಿಟ್ಟು ಕುಳಿತ. ತಾನು ಆಡುವ ಮಾತಿನಲ್ಲಿ ನೀರಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಎಳ್ಳುನೀರು ಬಿಟ್ಟೆ ಎಂದ ಅಣ್ಣಯ್ಯನಿಗೂ ಗೊತ್ತಿರಲಿಲ್ಲವೇನೋ. ಅವ್ವನಿಗೆ ನಿಜವಾದ ಎಳ್ಳುನೀರು ಬಿಟ್ಟ ಕೈಯೂ ಅದೇ.

ಅಣ್ಣಯ್ಯ ಮಲಗಲು ಹೋದ ಮೇಲೆ ಕೀತ್ ಮೆಲ್ಲಗೆ, ಅದೆಲ್ಲ ಈಗ 'ವಾಟರ್ ಅಂಡರ್ ದ ಬ್ರಿಡ್ಜ್' ಅಲ್ಲವೇ ಎಂದ.

ರತ್ನ ತಟ್ಟೆ ತೊಳೆಯುತ್ತಿದ್ದವಳು ತಿರುಗದೆ, ನನಗೆ ಮಾತ್ರ ತಿಳಿಯುವಂತೆ ಕನ್ನಡದಲ್ಲಿ ಹೇಳಿದಳು. "ಹರಿದೋಗಿದ್ರೆ ತಾನೇ ಅಕ್ಕ. ಅಲ್ಲೇ ನಿಂತದೆ."

ದೋಣಿ

ಕೀತ್‌ನ ಸ್ನೇಹಿತನ ದೋಣಿಯಲ್ಲಿ ನಾಲ್ವರೂ ಹೊರಟೆವು. ಉದ್ದಕ್ಕೆ ನಮ್ಮ ಬಸ್ಸಿನಷ್ಟಿದೆ, ಅಗಲಕ್ಕೆ ಕೈ ಚಾಚಿದರೆ ಎರಡು ಗೋಡೆಯೂ ಸಿಗುತ್ತದೆ. ಒಳಗೆ ಒಲೆ, ಮಂಚ, ಬೆಂಚು, ಕಪಾಟು ಎಲ್ಲ ಒಂದರ ಹಿಂದೆ ಒಂದು. ಒಬ್ಬರು ಎದ್ದರೆ ಉಳಿದವರು ಕೂರಬೇಕು. ಕಕ್ಕಸಿನ ಡಬ್ಬಿಯನ್ನು ಎರಡು ದಿನಕ್ಕೊಮ್ಮೆ ಹೊತ್ತುಕೊಂಡು ಹೋಗಿ ಖಾಲಿ ಮಾಡಬೇಕು ಎಂದು ತಿಳಿದ ಮೇಲೆ ಅಣ್ಣಯ್ಯ ಅದರ ಕಡೆ ತಲೆಹಾಕಲಿಲ್ಲ. ದಡದಲ್ಲಿ ಹೋಟೆಲು ಕಂಡಲ್ಲೆಲ್ಲ ದೋಣಿ ನಿಲ್ಲಿಸಬೇಕಾಯಿತು. ಪ್ರತಿ ಸಲವೂ ನಾನು ಜೊತೆಗೆ ಹೋಗಿ ಒಳಗಿನವರನ್ನು ಕೇಳಿಕೊಳ್ಳಬೇಕು, ಸಂಕೋಚಕ್ಕೆ ಒಂದು ಕಾಫಿ ಕುಡಿಯಬೇಕು. ಮೊದಲ ದಿನ ಕುಡಿದ ಕಾಫಿಗೆ ಲೆಕ್ಕವಿಲ್ಲ.

ನೀರು ಕಂದು ಬಣ್ಣ. ಹರಿಯುವುದೇ ಇಲ್ಲ. ಇಕ್ಕೆಲದಲ್ಲಿ ಮರಗಳು, ಹಿಂದೆ ದೋಣಿ ಎಳೆಯುವ ಕುದುರೆಗಳು ನಡೆಯುತ್ತಿದ್ದ ಕಾಲುದಾರಿ, ಈಗ ಅದರ ಮೇಲೆ ನಾಯಿ ಹಿಡಿದ ಜನ. ನಾವು ಹೋದ ವೇಗಕ್ಕೆ ನಾಯಿಗಳು ನಮ್ಮನ್ನು ದಾಟಿ ಹೋಗುತ್ತಿದ್ದವು. ನಾನು ಇಷ್ಟು ವರ್ಷ ಹೇಳಿಕೊಟ್ಟ ನೀರು ಇದೇನಾ ಅನ್ನಿಸಿತು. ಇಲ್ಲಿ ಹರಿವಿನ ಜೊತೆ ಹೋಗೋಣವೆಂದರೆ ಹರಿವೇ ಇಲ್ಲ, ಎದುರು ಈಜೋಣವೆಂದರೆ ಸೆಳೆತವೇ ಇಲ್ಲ. ನಿರಾಸೆಯಾಯಿತು, ಆದರೆ ಸುಸ್ತಿನಲ್ಲಿ ಅದೂ ಪೂರ್ತಿ ಆಗಲಿಲ್ಲ.

ಅಣ್ಣಯ್ಯ ಮಾತ್ರ ದೋಣಿಯ ಮೂತಿಯಲ್ಲಿ ಕುಳಿತು ಎರಡು ಕಡೆಯ ಹೊಲಗಳನ್ನೇ ನೋಡುತ್ತಿದ್ದ.

"ಈ ನೀರು ಯಾರ್ ಗದ್ದೆಗೋಯ್ತದೆ, ಕೀತಪ್ಪನ್ನ ಕೇಳು" ಎಂದ.

ಕೇಳಿದೆ. ಯಾವ ಗದ್ದೆಗೂ ಹೋಗುವುದಿಲ್ಲ, ಹಿಂದೆ ಕಲ್ಲಿದ್ದಲು ಸಾಗಿಸಲು ತೋಡಿದ್ದು, ಈಗ ಹೀಗೆ ರಜೆಗೆ ಬರುವವರಿಗೆ ಎಂದ ಕೀತ್.

ಅಣ್ಣಯ್ಯ ಬಗ್ಗಿ ನೀರಿಗೆ ಕೈಯಿಟ್ಟು ನೋಡಿದ. "ಇಷ್ಟ್ ನೀರು ಸುಮ್ನೆ ನಿಂತದಾ?" ಎಂದ. "ಯಾರ್ಗೂ ಇಲ್ದಂಗೆ?" ಅವನ ದನಿಯಲ್ಲಿ ನೋವಿತ್ತು. ಊಟದ ಹೊತ್ತಿನಲ್ಲಿ ಅನ್ನ ಚೆಲ್ಲಿದ್ದನ್ನು ನೋಡಿದವನಂತೆ ಮುಖ ಮಾಡಿಕೊಂಡಿದ್ದ.

ನೀರಿನ ಮೆಟ್ಟಿಲು

ನಾಲೆ ದಿಬ್ಬ ಹತ್ತಬೇಕಾದ ಕಡೆ ನೀರಿಗೇ ಮೆಟ್ಟಿಲು ಕಟ್ಟಿದ್ದಾರೆ. ದೋಣಿ ಒಂದು ಕಲ್ಲಿನ ತೊಟ್ಟಿಯೊಳಗೆ ಹೋಗುತ್ತದೆ. ಹಿಂದೊಂದು ಬಾಗಿಲು, ಮುಂದೊಂದು ಬಾಗಿಲು. ಹಿಂದಿನದನ್ನು ಮುಚ್ಚಿ, ಮುಂದಿನ ತೂಬು ಎತ್ತಿದರೆ ಮೇಲಿನ ನೀರು ತೊಟ್ಟಿಗೆ ತುಂಬಿ ದೋಣಿಯನ್ನು ಎತ್ತಿ ಮೇಲಿನ ನಾಲೆಗೆ ಸೇರಿಸುತ್ತದೆ. ಕೀತ್ ಒಂದು ಕಬ್ಬಿಣದ ಹಿಡಿಕೆಯನ್ನು ಹಲ್ಲುಚಕ್ರಕ್ಕೆ ಸಿಕ್ಕಿಸಿ ತಿರುಗಿಸಿದಾಗ, ನೀರಿನೊಳಗೆ ಹಲಗೆ ಏಳುವ ಸದ್ದು ಕೇಳಿ ಅಣ್ಣಯ್ಯ ಎದ್ದು ನಿಂತ.

"ನಮ್ ತೂಬೇ ಕಣ ಇದು" ಎಂದ.

ಅವತ್ತೆಲ್ಲ ಅವನೇ ತಿರುಗಿಸಿದ. ಕಾಲುನೋವು ಮರೆತ. ಬೇರೆ ದೋಣಿಯವರಿಗೂ ತಿರುಗಿಸಿಕೊಟ್ಟ, ಅವರು ಥ್ಯಾಂಕ್ಯೂ ಅಂದರೆ "ಆಯ್ತ್ ಬುಡಿ" ಅಂದ. ರತ್ನ ಬಾಗಿಲಿನ ತೊಲೆಯನ್ನು ಆ ತುದಿಯಿಂದ ತಳ್ಳುತ್ತಿದ್ದಳು, ಇವನು ಈ ತುದಿಯಿಂದ. ಬಾಗಿಲು ಕೂಡಿದಾಗ ಇಬ್ಬರೂ ಎದುರುಬದುರಾಗಿ ನಿಲ್ಲುತ್ತಿದ್ದರು. ಇವನು ಆಕಾಶ ನೋಡುತ್ತಿದ್ದ, ಅವಳು ಕೈಗವಸು ಸರಿಮಾಡಿಕೊಳ್ಳುತ್ತಿದ್ದಳು.

ಸಂಜೆ ಒಂದು ಮೆಟ್ಟಿಲು ದಾಟಿ, ಅದರ ಮೇಲಿನ ನಾಲೆಯಲ್ಲಿ ಕಲ್ಲಿನ ಹಳೆಯ ಸೇತುವೆಯೊಂದರ ಪಕ್ಕ ದೋಣಿ ಕಟ್ಟಿದೆವು. ಇನ್ನೆರಡು ದೋಣಿಗಳು ಅಲ್ಲಿದ್ದವು. ಕೆಳಗಿನ ನಾಲೆಯಲ್ಲಿ ನೀರು ತೀರ ಕಡಿಮೆ, ನಡುವೆ ಮಾತ್ರ ನಮ್ಮ ದೋಣಿ ಹೋಗುವಷ್ಟಿತ್ತು. ಅಲ್ಲಿ ಒಬ್ಬ ಮುದುಕಿಯ ದೋಣಿ ದಡಕ್ಕೆ ವಾಲಿಕೊಂಡು ನಿಂತಿತ್ತು. ಆಕೆ ವಾಲಿದ ದೋಣಿಯ ಮೇಲೆ ವಾಲಿದ ಕುರ್ಚಿ ಹಾಕಿಕೊಂಡು ಬೆಕ್ಕಿಗೆ ಹಾಲು ಹಾಕುತ್ತಿದ್ದಳು. ನಾವು ಅದನ್ನು ದಾಟಿ ಬರುವಾಗ ಕೈಬೀಸಿದ್ದಳು. ಅಣ್ಣಯ್ಯ ತಿರುಗಿ ತಿರುಗಿ ನೋಡಿದ್ದ.

ಕತ್ತಲಾಗುವ ಮೊದಲು ಒಂದು ಸುತ್ತು ನಡೆದು ಬರುತ್ತೇನೆ ಎಂದು ಹೋದವನು ಬಂದು ಬಹಳ ಹೊತ್ತು ಕೈ ತೊಳೆದ. ಟವೆಲ್ಲಿಗೆಲ್ಲ ಕಪ್ಪು ಜಿಡ್ಡು. ನಾನು ನೋಡಿದೆ, ಕೇಳಲಿಲ್ಲ. ಅವತ್ತು ಇನ್ನೊಂದು ಪ್ರಶ್ನೆ ಕೇಳಿ ಉತ್ತರ ಹೊತ್ತು ಸಾಗಿಸುವ ಶಕ್ತಿ ನನ್ನಲ್ಲಿರಲಿಲ್ಲ.

ರತ್ನ ಆ ಪುಟ್ಟ ಒಲೆಯ ಮೇಲೆ ಮುದ್ದೆ ತೊಳಸಿದ್ದಳು, ಮಿರ್ಲೆಯ ಹಿಟ್ಟಿನದು. ಅಣ್ಣಯ್ಯ ಒಂದು ತುತ್ತು ನುಂಗಿ ಕೈ ನಿಲ್ಲಿಸಿದ.

"ಗಟ್ಟಿ ಆಯ್ತಾ ಅಂತ ನಿಮ್ಮಣ್ಣನ್ನ ಕೇಳಕ್ಕ."

"ಅವ್ವ ಮಾಡ್ದಂಗೇ..." ಎಂದು ಶುರುಮಾಡಿದ. ಅರ್ಧಕ್ಕೇ ತಡೆದು, "ಚೆನ್ನಾಗದೆ ಅಂತೇಳು" ಎಂದ.

"ಚೆನ್ನಾಗದಂತೆ" ಎಂದೆ. ಮೊದಲರ್ಧ ಅವಳಿಗೆ ಕೇಳಿಸಿತ್ತು. ತಿರುಗಿ ನಿಂತು ಒಲೆ ಒರೆಸತೊಡಗಿದಳು, ಒರೆಸಿದ ಜಾಗವನ್ನೇ ಮತ್ತೆ ಮತ್ತೆ.

ಕೆಸರು

ಬೆಳಿಗ್ಗೆ ಎಚ್ಚರವಾದಾಗ ನಾನು ಗೋಡೆಗೆ ಒತ್ತಿಕೊಂಡಿದ್ದೆ. ಕಪಾಟಿನ ಲೋಟಗಳೆಲ್ಲ ಒಂದು ಮೂಲೆಗೆ ಬಂದು ಸೇರಿದ್ದವು. ಏಳಲು ಹೋದರೆ ನೆಲವೇ ಇಳಿಜಾರು. ಕಷ್ಟಪಟ್ಟು ಹೊರಗೆ ತಲೆಹಾಕಿದೆ. ನಾಲೆಯಲ್ಲಿ ನೀರಿರಲಿಲ್ಲ. ಕಪ್ಪು ಕೆಸರಿನ ಮೇಲೆ ನಮ್ಮದೂ ಸೇರಿ ಮೂರು ದೋಣಿಗಳು ಮಲಗಿದ್ದವು. ಸೇತುವೆಯ ಕೆಳಗೆ ತುಕ್ಕು ಹಿಡಿದ ಸೈಕಲ್ಲು, ಅಂಗಡಿಯಲ್ಲಿ ತಳ್ಳುವ ಕಬ್ಬಿಣದ ಬುಟ್ಟಿ, ಒಂದು ಮುರಿದ ಕುರ್ಚಿ. ಬಾತುಕೋಳಿಗಳು ಏನಾಯಿತೆಂದು ತಿಳಿಯದೆ ಕೆಸರಿನಲ್ಲಿ ನಡೆಯುತ್ತಿದ್ದವು.

ಕೀತ್ ದಡದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ನನ್ನನ್ನು ನೋಡಿ, "ವೆಲ್, ವಿ ಆರ್ ಅಪ್ ದ ಕ್ರೀಕ್" ಎಂದ. ಎಷ್ಟು ಸಲ ಬೋರ್ಡಿನ ಮೇಲೆ ಬರೆದ ಮಾತು. ಒಬ್ಬ ಇಂಗ್ಲಿಷಿನವನು ನಿಜವಾದ ನಾಲೆಯ ದಡದಲ್ಲಿ ನಿಂತು ನನಗೆ ಅದನ್ನು ಹೇಳಿದಾಗ ನಾನು ಚಪ್ಪಲಿಯಿಲ್ಲದೆ, ಸ್ವೆಟರು ತಿರುವುಮುರುವು ಹಾಕಿಕೊಂಡು, ನಡುಗುತ್ತಾ ನಿಂತಿದ್ದೆ. ನುಡಿಗಟ್ಟಿನ ಅರ್ಥ ಪೂರ್ತಿಯಾಗಿ ತಿಳಿಯಿತು.

ಅಣ್ಣಯ್ಯ ನನ್ನ ಹಿಂದೆ ಬಂದು ನಿಂತ. ಮುಖ ಬಿಳುಪೇರಿತ್ತು.

"ನೀರುಗಂಟಿ ಬರ್ಲಿಲ್ವ?" ಎಂದು ಪಿಸುಗುಟ್ಟಿದ.

ನನಗೆ ಆಗ ಎಲ್ಲ ತಿಳಿಯಿತು. ನಮ್ಮ ಕಡೆಯ ನಾಲೆಯಲ್ಲಿ ಒಂದು ಕಟ್ಟುಪಾಡಿದೆ. ತನ್ನ ಗದ್ದೆ ತುಂಬಿದ ಮೇಲೆ ಕೆಳಗಿನವನ ತೂಬು ಎತ್ತಿಯೇ ಮನೆಗೆ ಹೋಗಬೇಕು. ಕೆಳಗಿನವನು ಒಣಗಿರುವಾಗ ತಾನು ತುಂಬಿಸಿಕೊಂಡು ಮಲಗುವುದು ಮರ್ಯಾದೆಯಲ್ಲ. ಎತ್ತಿದ ತೂಬನ್ನು ಇಳಿಸುವುದು ನಮ್ಮ ಕೆಲಸವಲ್ಲ, ಬೆಳಗಾಗುವುದರೊಳಗೆ ನೀರುಗಂಟಿ, ಅಂದರೆ ನೀರಿನ ಪಾಳಿ ನೋಡುವವನು, ಸುತ್ತು ಬಂದು ಇಳಿಸುತ್ತಾನೆ. ಅಣ್ಣಯ್ಯ ಆ ಮುದುಕಿಯ ದೋಣಿ ನೋಡಿದ್ದ. ಕೀತ್ ದೋಣಿಯ ಮೇಲೆ ಬಿಟ್ಟಿದ್ದ ಹಿಡಿಕೆ ತೆಗೆದುಕೊಂಡು ಹೋಗಿ ತೊಟ್ಟಿಯ ಮೇಲಿನ ತೂಬು, ಕೆಳಗಿನ ತೂಬು ಎರಡನ್ನೂ ಎತ್ತಿ, ಬಂದು ಮುದ್ದೆ ಉಂಡು ನೆಮ್ಮದಿಯಾಗಿ ಮಲಗಿದ್ದ. ಆ ದೇಶದ ನಾಲೆಯಲ್ಲಿ ನೀರುಗಂಟಿ ಇಲ್ಲ. ಎತ್ತಿದವರೇ ಇಳಿಸಬೇಕು.

ಉಳಿದ ಎರಡು ದೋಣಿಯವರು ದಡಕ್ಕೆ ಬಂದಿದ್ದರು. ಅಲ್ಲಿಯವರು ಕೂಗಾಡುವುದಿಲ್ಲ, ಆದರೆ ಕೋಪ ಬಂದದ್ದು ತಿಳಿಯುತ್ತದೆ. ಒಬ್ಬ ಗಂಡಸಿಗೆ ಅವತ್ತು ಮಧ್ಯಾಹ್ನ ಬಾಡಿಗೆಯ ದೋಣಿ ಮರಳಿಸಬೇಕಿತ್ತು, ಅವನ ಕಿವಿ ಕೆಂಪಾಗಿತ್ತು. ನಾಲೆಯ ಕೆಲಸದವನೊಬ್ಬ ವ್ಯಾನಿನಲ್ಲಿ ಬಂದು ತೂಬು ಇಳಿಸಿ, ಯಾರು ಬಿಟ್ಟದ್ದು ಎಂದು ಕೇಳಿದ. ಸಂಜೆ ನಾನೇ ಇಳಿಸಿ ನೋಡಿದ್ದೆ ಎಂದು ಕೀತ್ ಗಟ್ಟಿಯಾಗಿ ಹೇಳಿದ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

ರತ್ನ ದೋಣಿಯೊಳಗಿಂದ ಬಂದಳು. ಅವಳ ಕೈಯಲ್ಲಿ ಜಿಡ್ಡಿನ ಟವೆಲ್ ಇತ್ತು. ಅಣ್ಣಯ್ಯನನ್ನು ಒಂದು ಸಲ ನೋಡಿದಳು. ಟವೆಲನ್ನು ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡು, ಎಲ್ಲರ ಮುಂದೆ ಇಂಗ್ಲಿಷಿನಲ್ಲಿ ಹೇಳಿದಳು. ರಾತ್ರಿ ಹೊರಗೆ ಹೋಗಿದ್ದೆ, ಕುತೂಹಲಕ್ಕೆ ತಿರುಗಿಸಿ ನೋಡಿದೆ, ಇಳಿಸಲು ಮರೆತೆ, ತಪ್ಪು ನನ್ನದು ಎಂದಳು. ಕೆಂಪು ಕಿವಿಯವನು ಅವಳಿಗೆ, ಇಷ್ಟು ವರ್ಷ ಇಲ್ಲಿದ್ದೂ ಇಷ್ಟು ತಿಳಿಯುವುದಿಲ್ಲವೇ ಎಂಬ ಅರ್ಥ ಬರುವಂತೆ ಒಂದು ಮಾತು ಅಂದ. ಅವಳು ತಲೆ ತಗ್ಗಿಸಿ ಸಾರಿ ಅಂದಳು.

"ಏನಂತೆ?" ಎಂದ ಅಣ್ಣಯ್ಯ ನನ್ನ ಕಿವಿಯಲ್ಲಿ. "ಅವ್ನ್ಯಾಕೆ ಅವಳ ಮೇಲೆ ಎಗರ್ತಾವ್ನೆ?"

ಏನಿಲ್ಲ ಬಿಡು ಅನ್ನಬಹುದಿತ್ತು. ರತ್ನ ನನ್ನ ಕಡೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದಳು ಕೂಡ. ಆದರೆ ಇಬ್ಬರ ನಡುವೆ ಬೇಕಾದ್ದು ದಾಟಿಸಿ, ಬೇಡವಾದ್ದು ನುಂಗಿ ನನಗೆ ಸಾಕಾಗಿ ಹೋಗಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದೆ.

"ತೂಬು ಎತ್ತಿದ್ದು ನಾನೇ ಅಂತ ಹೇಳಾವ್ಳೆ ಅಣ್ಣಯ್ಯ. ನಿನ್ ಹೆಸ್ರು ಬರ್ದಂಗೆ."

ಅಣ್ಣಯ್ಯ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದ, ಊರಲ್ಲಿ ಪಂಚಾಯಿತಿಯ ಮುಂದೆ ಹಿಡಿಯುವ ಹಾಗೆ. ಜನರ ನಡುವೆ ನಡೆದು ಹೋಗಿ ನಾಲೆಯ ಕೆಲಸದವನ ಮುಂದೆ ನಿಂತ. ತನ್ನ ಎದೆ ಮುಟ್ಟಿಕೊಂಡ.

"ನಾನ್ ಕಣಪ್ಪ ಎತ್ತಿದ್ದು. ಅವಳಲ್ಲ. ಆ ಮುದ್ಕವ್ವಂಗೆ ನೀರಿರ್ಲಿಲ್ಲ, ಅದ್ಕೆ ಎತ್ತಿದೆ. ಇಳ್ಸೋರ್ ಬತ್ತರೆ ಅಂದ್ಕಂಡೆ. ಎಲ್ರಿಗೂ ತೊಂದ್ರೆ ಆಯ್ತು."

ಕೆಳಗಿನ ನಾಲೆಯ ಕಡೆ ಕೈ ತೋರಿಸಿದ. ಎಲ್ಲರೂ ತಿರುಗಿದರು. ಅಲ್ಲಿ ಮುದುಕಿಯ ದೋಣಿ ನೆಟ್ಟಗೆ ತೇಲುತ್ತಿತ್ತು. ಆಕೆ ನೆಟ್ಟಗಿನ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಳು, ನಮ್ಮನ್ನು ಕಂಡು ಕೈಬೀಸಿದಳು. ಅಣ್ಣಯ್ಯ ಹೇಳಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಿದೆ. ನಾಲೆಯ ಕೆಲಸದವನು ಟೋಪಿ ತೆಗೆದು ತಲೆ ಕೆರೆದುಕೊಂಡ. ವರ್ಷಕ್ಕೆ ಕೆಲವು ಸಲ ಹೀಗೆ ಯಾರಾದರೂ ಖಾಲಿ ಮಾಡುತ್ತಾರೆ, ಆದರೆ ಬೇರೆಯವರಿಗಾಗಿ ಮಾಡಿದವರನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದ. ಇದಕ್ಕೂ ಮೇಲಿನ ಮೆಟ್ಟಿಲಿನ ನಾಲೆಯಿಂದ ನೀರು ಬಿಡುತ್ತೇನೆ, ತುಂಬುವ ತನಕ ಕಾಯಬೇಕು, ಬೇರೆ ದಾರಿಯಿಲ್ಲ ಎಂದು ವ್ಯಾನು ಹತ್ತಿದ.

ಸೇತುವೆಯ ಪಕ್ಕ

ಕಾದೆವು. ಕೆಂಪು ಕಿವಿಯವನು ಫೋನು ಹಿಡಿದು ದೂರ ಹೋದ. ಕೀತ್ ದೋಣಿಯ ಹಗ್ಗ ಸಡಿಲ ಮಾಡುತ್ತಿದ್ದ. ನಾವು ಮೂವರು ಹುಲ್ಲಿನ ಮೇಲೆ ಕುಳಿತೆವು, ಮಧ್ಯದಲ್ಲಿ ಎಂದಿನಂತೆ ನಾನು. ರತ್ನ ಎರಡು ಲೋಟ ಟೀ ತಂದು ಒಂದನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನೂ ನನ್ನ ಕಡೆಗೇ ಚಾಚಿದಳು.

"ನಿಮ್ಮಣ್ಣಂಗೆ ಕೊಡಕ್ಕ."

ನಾನು ಕೈ ಚಾಚಲಿಲ್ಲ. ಮೊಂಡುತನವಲ್ಲ, ಕೈ ಏಳಲಿಲ್ಲ. "ನನ್ ಕೈಲಾಗಲ್ಲ ಕಣವ್ವ" ಎಂದೆ.

ಲೋಟ ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿತ್ತು. ಆಮೇಲೆ ನನ್ನ ಮುಂದಿನಿಂದ ಅಣ್ಣಯ್ಯನ ಕೈ ಬಂದು ಅದನ್ನು ತೆಗೆದುಕೊಂಡಿತು. ಕುಡಿಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಸೇತುವೆಯ ಕೆಳಗಿನ ಕೆಸರನ್ನು ನೋಡುತ್ತಾ ಕುಳಿತ.

"ರತ್ನಿ" ಎಂದ.

ಮನೆಯಲ್ಲಿ ಅವಳನ್ನು ಹಾಗೆ ಕರೆಯುತ್ತಿದ್ದವರು ಅವ್ವ ಮತ್ತು ಅವನು, ಇಬ್ಬರೇ.

"ನಿನ್ ಮೇಲ್ಯಾಕೆ ಆಕ್ಕಂಡೆ?"

ರತ್ನ ಹುಲ್ಲು ಕೀಳುತ್ತಿದ್ದಳು. "ಅಷ್ಟ್ ಜನದ್ ಮುಂದೆ ನೀನ್ ತಲೆ ತಗ್ಸದ ನೋಡಕ್ಕಾಗಲ್ಲ ಕಣಣ್ಣಯ್ಯ. ಒಂದ್ ಸಲ ನೆಂಟ್ರ ಮುಂದೆ ನಾನೇ ನಿನ್ ತಲೆ ತಗ್ಗಂಗ್ ಮಾಡಿದ್ದೆ. ಅದೇ ಸಾಕು."

ಮೇಲಿನಿಂದ ನೀರಿನ ಸದ್ದು ಕೇಳಿಸಿತು. ಸೇತುವೆಯಾಚೆ ಕೆಸರಿನ ನಡುವೆ ಒಂದು ತೆಳುವಾದ ಗೆರೆ ಬರುತ್ತಿತ್ತು, ನಿಂತು ನಿಂತು, ತಗ್ಗು ತುಂಬಿಸಿಕೊಂಡು ಮುಂದೆ ಬರುತ್ತಿತ್ತು. ಅಣ್ಣಯ್ಯ ಅದನ್ನು ನೋಡುತ್ತಲೇ ಮಾತಾಡಿದ.

"ಎಲ್ರೂ ಹೊತ್ತೋಯ್ತದೆ ಹೊತ್ತೋಯ್ತದೆ ಅಂತಿದ್ರು. ನಾನು ರಸ್ತೆಗೆ ಎಷ್ಟ್ ಸಲ ಬಂದ್ ನೋಡ್ದೆ ಅಂತ ಯಾರ್ಗೂ ಗೊತ್ತಿಲ್ಲ. ಕಾಯ್ಬೇಕಾಗಿತ್ತು ಕಣವ್ವ. ಊರೋರ್ ಏನಾರ ಅನ್ಕಳ್ಲಿ, ಒಂದ್ ರಾತ್ರಿ ಕಾಯ್ಬೇಕಾಗಿತ್ತು. ಅವ್ವನೂ ಕಾಯ್ತಿದ್ಲು."

ರತ್ನ ಎದ್ದಳು. ನನ್ನನ್ನು ದಾಟಿ ಹೋಗಿ ಅವನ ಆ ಪಕ್ಕದಲ್ಲಿ ಕುಳಿತಳು. ಅವನ ತೋಳಿಗೆ ಹಣೆ ಒತ್ತಿ ಅತ್ತಳು, ದನಿ ತೆಗೆದು, ಊರಲ್ಲಿ ಅಳುವ ಹಾಗೆ. ಕಾಲುದಾರಿಯಲ್ಲಿ ಹೋಗುತ್ತಿದ್ದವರು ಬೇರೆ ಕಡೆ ನೋಡುತ್ತಾ ಹೋದರು. ಅಣ್ಣಯ್ಯ ಟೀ ಲೋಟವನ್ನು ಚೆಲ್ಲದಂತೆ ದೂರ ಹಿಡಿದು, ಇನ್ನೊಂದು ಕೈಯಿಂದ ಅವಳ ಬೆನ್ನು ತಟ್ಟುತ್ತಿದ್ದ.

ಮುಗಿದ ಜಗಳವನ್ನು ಹರಿದುಹೋದ ನೀರು ಎಂದು ಜೀವಮಾನವೆಲ್ಲ ಪಾಠ ಮಾಡಿದೆ. ಅವತ್ತು ಹರಿದುಹೋಗಿದ್ದ ನೀರು ಕಣ್ಣೆದುರೇ ಸೇತುವೆಯ ಕೆಳಕ್ಕೆ ತಿರುಗಿ ಬರುತ್ತಿತ್ತು. ಮೊದಲು ಸೈಕಲ್ಲಿನ ಚಕ್ರ ಮುಳುಗಿತು, ಆಮೇಲೆ ಕಬ್ಬಿಣದ ಬುಟ್ಟಿ. ನಾನು ಇದನ್ನು ಯಾವ ಮಕ್ಕಳಿಗೂ ಇನ್ನು ಹೇಳಿಕೊಡಬೇಕಾಗಿಲ್ಲ. ಅದೂ ಒಂದು ನೆಮ್ಮದಿಯೇ.

ಕೀತ್ ಹಗ್ಗ ಬಿಟ್ಟು ನನ್ನ ಹತ್ತಿರ ಬಂದು ಬಗ್ಗಿ, ಅಣ್ಣ ಏನು ಹೇಳಿದರು ಎಂದು ಕೇಳಿದ. ಅಭ್ಯಾಸಬಲದಿಂದ ಬಾಯಿ ತೆರೆದೆ. ಆಮೇಲೆ, ನಿನ್ನ ಹೆಂಡತಿಯನ್ನೇ ಕೇಳು, ಅವಳಿಗೆ ಹೇಳಿದ್ದು ಎಂದೆ.

ಹುಲ್ಲಿನ ಮೇಲೆ ಹಾಗೆಯೇ ಒರಗಿ ಕಣ್ಣು ಮುಚ್ಚಿದೆ. ಬಿಳಿಕೆರೆಯಿಂದ ಹೊರಟ ಮೇಲೆ ನನಗೆ ಬಂದ ಮೊದಲ ಸುಖನಿದ್ದೆ ಅದು. ನಿದ್ದೆಯ ಅಂಚಿನಲ್ಲಿ ಅವರಿಬ್ಬರ ಮಾತು ಕೇಳುತ್ತಲೇ ಇತ್ತು. ಅವ್ವನ ಕೊನೆಯ ದಿನಗಳು, ಈ ಸಲದ ಭತ್ತದ ಪೈರು, ಸಕ್ಕರೆಗೆ ಯಾವ ಮಾತ್ರೆ, ಮುದ್ದೆ ನಿಜಕ್ಕೂ ಗಟ್ಟಿಯಾಗಿತ್ತಾ. ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ನನ್ನನ್ನು ಯಾರೂ ಕರೆಯಲಿಲ್ಲ.